ಬೆಳಗಿನ ಬಿಗಿತವೋ ಸಂಜೆಯ ನೋವೋ: ಸೋರಿಯಾಟಿಕ್ ಸಂಧಿವಾತವನ್ನು ಗುರುತಿಸಿ, ಅದರೊಂದಿಗೆ ಬಾಳುವ ಬಗೆ

ನಮ್ಮ ಮನೆಯಲ್ಲಿ ಕೀಲುನೋವು ಇಬ್ಬರಿಗಿದೆ. ಅಮ್ಮನದು ಮಂಡಿ ಸವೆತ, ನನ್ನದು ಸೋರಿಯಾಟಿಕ್ ಸಂಧಿವಾತ, ಅಂದರೆ ಚರ್ಮದಲ್ಲಿ ಹೊಟ್ಟೇಳುವ ಕಲೆ ಎಬ್ಬಿಸುವ ಸೋರಿಯಾಸಿಸ್ ಕಾಯಿಲೆಗೆ ಸಂಬಂಧಿಸಿದ ಕೀಲುರಿಯೂತ. ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಇಬ್ಬರೂ ಏಳುತ್ತೇವೆ. ಅಮ್ಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮಂಡಿ ಸಡಿಲವಾಗಿ ಕೊಟ್ಟಿಗೆಗೆ ಹೋಗುತ್ತಾರೆ. ಔಷಧಿ ಶುರುವಾಗುವ ಮೊದಲು ನನಗೆ ಎಂಟು ಗಂಟೆಯಾದರೂ ಅಕ್ಕಿ ರೊಟ್ಟಿ ತಟ್ಟಲು ಬೆರಳು ಬಗ್ಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಇದು ತಿರುಗುಮುರುಗಾಗುತ್ತಿತ್ತು: ದಿನವಿಡೀ ಓಡಾಡಿದ ಅಮ್ಮನಿಗೆ ಕಣದಿಂದ ಮನೆಗೆ ಏರು ಹತ್ತುವುದು ಕಷ್ಟವಾಗುತ್ತಿತ್ತು, ನನ್ನ ಬೆರಳುಗಳು ಕೆಲಸ ಮಾಡಿದಷ್ಟೂ ಹಗುರವಾಗುತ್ತಿದ್ದವು.

ಈ ವ್ಯತ್ಯಾಸವೇ ಮುಖ್ಯ ಸುಳಿವೆಂದು ತಿಳಿಯುವಷ್ಟರಲ್ಲಿ ನನ್ನ ಒಂದೂವರೆ ವರ್ಷ ಕಳೆದುಹೋಗಿತ್ತು. ಮೊದಲು ತೋರಿಸಿದ ಚಿಕಿತ್ಸಾಲಯದಲ್ಲಿ ಎಕ್ಸ್‌ರೇ ನೋಡಿ ಸವೆತ ಶುರುವಾಗಿದೆ ಎಂದು ನೋವಿನ ಮಾತ್ರೆ ಬರೆದುಕೊಟ್ಟರು. ಅವರು ನನ್ನ ಉಗುರು ನೋಡಲಿಲ್ಲ. ಕಿವಿಯ ಹಿಂದೆ ಹೊಟ್ಟೇಳುತ್ತಿದ್ದ ಕಲೆಯನ್ನು ತಲೆಹೊಟ್ಟೆಂದು ತಿಳಿದಿದ್ದ ನಾನೂ ಅದನ್ನು ತೋರಿಸಲಿಲ್ಲ. ತಪ್ಪು ಇಬ್ಬರದೂ ಇತ್ತು.

ಸವೆತದಲ್ಲಿ ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯು ವಯಸ್ಸು, ತೂಕ, ಹಳೆಯ ಪೆಟ್ಟು, ವಂಶಗುಣ ಮುಂತಾದ ಕಾರಣಗಳಿಂದ ತೆಳುವಾಗುತ್ತದೆ, ಮೂಳೆಯ ಅಂಚಿನಲ್ಲಿ ಮುಳ್ಳಿನಂತೆ ಬೆಳೆಯುತ್ತದೆ. ಸೋರಿಯಾಟಿಕ್ ಸಂಧಿವಾತದಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಚರ್ಮ, ಉಗುರು, ಕೀಲಿನ ಒಳಪೊರೆ ಹಾಗೂ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ಇದು ಹೆಚ್ಚಾಗಿ 30ರಿಂದ 50 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಬಹುತೇಕರಿಗೆ ಚರ್ಮದ ಸೋರಿಯಾಸಿಸ್ ಮೊದಲು ಬಂದು ವರ್ಷಗಳ ನಂತರ ಕೀಲು ಹಿಡಿಯುತ್ತದೆ; ಕೆಲವರಿಗೆ ಕೀಲೇ ಮೊದಲು. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ, ಆದ್ದರಿಂದ ಕೊಯ್ಲಿನ ಆಳುಗಳ ಜೊತೆ ಕೂತು ಊಟ ಮಾಡಲು ಯಾರೂ ಹಿಂಜರಿಯಬೇಕಿಲ್ಲ.

ವೈದ್ಯರ ಬಳಿ ಹೋಗುವ ಮೊದಲು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಎದ್ದ ಮೇಲೆ ಬಿಗಿತ ಎಷ್ಟು ಹೊತ್ತು ಇತ್ತು ಎಂಬುದನ್ನು ಗಡಿಯಾರ ನೋಡಿಯೇ ಬರೆಯಬೇಕು, ಏಕೆಂದರೆ ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಉರಿಯೂತದ್ದು ಅದನ್ನು ಮೀರುತ್ತದೆ. ನಂತರ ಹಗಲು ಬೆಳಕಿನಲ್ಲಿ ಉಗುರುಗಳನ್ನು ನೋಡಿ. ನನ್ನ ಬಲಗೈ ತೋರುಬೆರಳಿನ ಉಗುರಿನ ಮೇಲೆ ಸೂಜಿ ಮೊನೆಯಿಂದ ಚುಚ್ಚಿದಂತಹ ಏಳೆಂಟು ಗುಳಿಗಳಿದ್ದವು, ತುದಿಯಲ್ಲಿ ಉಗುರು ಕೆಳಗಿನ ಚರ್ಮದಿಂದ ಬಿಟ್ಟುಕೊಂಡು ಹಳದಿಯಾಗಿತ್ತು; ಅದನ್ನು ನಾನು ಕಾಫಿ ಹಣ್ಣಿನ ಕಲೆ ಎಂದುಕೊಂಡಿದ್ದೆ. ಬೆರಳ ತುದಿಯ ಗೆಣ್ಣು ಎರಡು ಕಾಯಿಲೆಯಲ್ಲೂ ಊದುವುದರಿಂದ ಇಲ್ಲಿ ಗೊಂದಲ ಹೆಚ್ಚು. ಅಮ್ಮನ ಗೆಣ್ಣಿನ ಗಂಟನ್ನು ಒತ್ತಿದರೆ ಹುಣಸೆ ಬೀಜದಂತೆ ಗಟ್ಟಿ, ನನ್ನದು ಮೆತ್ತಗೆ, ಬೆಚ್ಚಗೆ, ಪಕ್ಕದ ಉಗುರೂ ಕೆಟ್ಟಿತ್ತು. ಗೆಣ್ಣು ಮಾತ್ರವಲ್ಲದೆ ಇಡೀ ಬೆರಳು ಬುಡದಿಂದ ತುದಿಯವರೆಗೆ ಬಾಳೆಕಾಯಿಯಂತೆ ಊದಿದ್ದರೆ, ಅಥವಾ ಹಿಮ್ಮಡಿಯ ಹಿಂಭಾಗ ಬೆಳಿಗ್ಗೆ ನೆಲಕ್ಕೆ ಊರಲಾರದಷ್ಟು ನೋಯುತ್ತಿದ್ದರೆ ಅದನ್ನೂ ಬರೆಯಿರಿ. ಕೊನೆಯದಾಗಿ, ನೆತ್ತಿ, ಕಿವಿಯ ಹಿಂಭಾಗ, ಹೊಕ್ಕುಳು, ಪೃಷ್ಠದ ಸೀಳು, ಇಲ್ಲೆಲ್ಲ ಸೋರಿಯಾಸಿಸ್ ಅಡಗಿರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ನಷ್ಟ ನಮಗೇ.

ಸವೆತವಾದರೆ ಮೂಳೆ ವೈದ್ಯರು ಸಾಕು. ಈ ಗುರುತುಗಳಿದ್ದರೆ ಚರ್ಮ ವೈದ್ಯರಿಗೂ ತೋರಿಸಿ, ರುಮಟಾಲಜಿಸ್ಟ್ (ಸಂಧಿವಾತದ ತಜ್ಞ ವೈದ್ಯರು) ಬಳಿಗೆ ಚೀಟಿ ಬರೆಸಿಕೊಳ್ಳಿ. ಅದಕ್ಕಾಗಿ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕಾಗಿ ಬಂದರೂ ತಡಮಾಡಬೇಡಿ, ಏಕೆಂದರೆ ಆರು ತಿಂಗಳ ವಿಳಂಬದಲ್ಲೇ ಕೀಲಿಗೆ ಮತ್ತೆ ಸರಿಯಾಗದಂತಹ ಹಾನಿ ಆಗಬಹುದು. ರಕ್ತ ಪರೀಕ್ಷೆಯೊಂದನ್ನೇ ನಂಬಿ ಕೂರುವುದು ಸರಿಯಲ್ಲ: ಈ ಕಾಯಿಲೆಯಲ್ಲಿ ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಎಂಬ ಬೇರೊಂದು ಸಂಧಿವಾತದ ಪರೀಕ್ಷೆ) ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಎಷ್ಟೋ ಜನರಲ್ಲಿ ಸರಿಯಾಗಿಯೇ ಇರುತ್ತವೆ, ಆರಂಭದ ಎಕ್ಸ್‌ರೇಯಲ್ಲೂ ಏನೂ ಕಾಣದಿರಬಹುದು. ವೈದ್ಯರು ಈ ಕಾಯಿಲೆ ಗುರುತಿಸಲೆಂದೇ 2006ರಲ್ಲಿ ರೂಪುಗೊಂಡ ಕ್ಯಾಸ್ಪರ್ ಮಾನದಂಡದಂತೆ ಚರ್ಮ, ಉಗುರು, ಮನೆತನದಲ್ಲಿ ಸೋರಿಯಾಸಿಸ್, ಊದಿದ ಬೆರಳು ಎಲ್ಲವನ್ನೂ ಒಟ್ಟಿಗೆ ತೂಗಿ ನೋಡುತ್ತಾರೆ. ಎರಡೂ ಕಾಯಿಲೆ ಒಬ್ಬರಲ್ಲೇ ಇರಬಹುದೆಂಬುದೂ ನೆನಪಿರಲಿ.

ಔಷಧಿಯಲ್ಲಿಯೂ ದಾರಿ ಬೇರೆ. ಅಮ್ಮನಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ಬೇಕಾದಾಗ ನೋವಿನ ಮುಲಾಮು, ತೀರಾ ಆಗದಿದ್ದರೆ ಮಂಡಿ ಬದಲಾವಣೆ. ನನಗೆ ಉರಿಯೂತವನ್ನೇ ಅಡಗಿಸುವ ಮೆಥೊಟ್ರೆಕ್ಸೇಟ್ ಕೊಟ್ಟರು. ಈ ಮಾತ್ರೆಯ ವಿಷಯದಲ್ಲಿ ಒಂದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು: ಇದು ವಾರಕ್ಕೆ ಒಂದು ದಿನ ಮಾತ್ರ. ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಅಪಾಯ. ನಾನು ಭಾನುವಾರವನ್ನು ಗೊತ್ತು ಮಾಡಿಕೊಂಡು, ನುಂಗಿದ ಕೂಡಲೇ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತೇನೆ. ಇದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಮ್ಲವನ್ನು ಬೇರೆ ದಿನ ತೆಗೆದುಕೊಳ್ಳುತ್ತೇನೆ. ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ ಹೇಳಿದ ಸಮಯಕ್ಕೆ ಆಗಲೇಬೇಕು, ಮದ್ಯವನ್ನು ಬಿಡಬೇಕು, ಮಗುವಿನ ಯೋಚನೆ ಇರುವವರು ಮೊದಲೇ ಹೇಳಬೇಕು. ಇದು ಸಾಲದಿದ್ದರೆ ಅಡಾಲಿಮುಮಾಬ್, ಸೆಕುಕಿನುಮಾಬ್‌ನಂತಹ, ಉರಿಯೂತ ಎಬ್ಬಿಸುವ ಅಂಶವನ್ನೇ ತಡೆಯುವ ಜೈವಿಕ ಚುಚ್ಚುಮದ್ದುಗಳಿವೆ. ಅವು ದುಬಾರಿ, ಮತ್ತು ಶುರುಮಾಡುವ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯ. ಸಂತೆಯಲ್ಲಿ ಚೀಟಿಯಿಲ್ಲದೆ ಕೊಡುವ ಪುಡಿಗಳಿಂದ ದೂರವಿರಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಅದನ್ನು ದಿಢೀರನೆ ನಿಲ್ಲಿಸಿದರೆ ಚರ್ಮದ ಸೋರಿಯಾಸಿಸ್ ಭುಗಿಲೆದ್ದೀತು.

ಮಲೆನಾಡಿನಲ್ಲಿ ಇರುವವರು ಮಳೆಗಾಲಕ್ಕೆ ಒಂದು ತಿಂಗಳ ಔಷಧಿ ಹೆಚ್ಚಿಗೆ ತಂದಿಡುವುದು ಒಳ್ಳೆಯದು. 2019ರಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ಮಂಗಳೂರಿನ ದಾರಿಯೇ ಮುಚ್ಚಿತ್ತು.

ದಿನದ ಬದುಕಿನಲ್ಲಿ ನನಗೆ ಹೆಚ್ಚು ನೆರವಾದದ್ದು ಬಚ್ಚಲ ಹಂಡೆ. ಎದ್ದ ಕೂಡಲೇ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿ, ನೀರೊಳಗೇ ಮುಷ್ಟಿ ಕಟ್ಟಿ ಬಿಡುತ್ತೇನೆ. ಸುಡುವ ನೀರು ಬೇಡ, ಚರ್ಮ ಒಣಗುತ್ತದೆ. ಒರೆಸಿಕೊಂಡು ಒದ್ದೆ ಆರುವ ಮೊದಲೇ ಕೊಬ್ಬರಿ ಎಣ್ಣೆ ಸವರುತ್ತೇನೆ. ಗಾಯವಾದಲ್ಲಿ ಹೊಸ ಸೋರಿಯಾಸಿಸ್ ಏಳುವುದುಂಟು, ಹಾಗಾಗಿ ಕೊಯ್ಲಿಗೆ ತೋಳುದ್ದದ ಅಂಗಿ, ಹತ್ತಿಯ ಕೈಗವಸು ಹಾಕಿಕೊಳ್ಳುತ್ತೇನೆ. ಗಂಬೂಟು ಹಿಮ್ಮಡಿಯನ್ನು ಒತ್ತುವಂತಿದ್ದರೆ ಒಂದು ಅಳತೆ ದೊಡ್ಡದನ್ನು ಕೊಂಡು ಒಳಗೆ ಮೆತ್ತೆ ಹಾಕಿ. ಬೆರಳು ಊದಿರುವ ದಿನಗಳಲ್ಲಿ ಭಾರದ ಬುಟ್ಟಿಯನ್ನು ಬೆರಳಿನಿಂದ ಎತ್ತದೆ ಮೊಣಕೈ ಮಡಿಕೆಗೆ ಹಾಕಿಕೊಳ್ಳಿ, ಆದರೆ ಕೈಕಾಲು ಆಡಿಸದೆ ಮಲಗಬೇಡಿ. ಬೀಡಿ, ಸಿಗರೇಟು ಬಿಡುವುದೂ ತೂಕ ಇಳಿಸುವುದೂ ಔಷಧಿ ಕೆಲಸ ಮಾಡಲು ನೆರವಾಗುತ್ತವೆ. ಆಲೂಗಡ್ಡೆ ವಾಯು ಎಂದು ನೆಂಟರು ಹೇಳುತ್ತಲೇ ಇರುತ್ತಾರೆ. ಹಾಸನದ ಆಲೂಗಡ್ಡೆಯನ್ನು ಈ ಕಾಯಿಲೆಗಾಗಿ ಬಿಡಬೇಕಾದ ಕಾರಣವಿಲ್ಲ, ನಾನಂತೂ ಬಿಟ್ಟಿಲ್ಲ.

ಎರಡು ಸಂದರ್ಭಗಳಲ್ಲಿ ಕಾಯಬಾರದು. ಕಣ್ಣು ಕೆಂಪಾಗಿ ನೋಯುತ್ತ ಬೆಳಕು ಚುಚ್ಚಿದಂತಾದರೆ ಅದು ಕಣ್ಣಿನೊಳಗಿನ ಉರಿಯೂತವಿರಬಹುದು, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮೆಥೊಟ್ರೆಕ್ಸೇಟ್ ಅಥವಾ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವಾಗ ಜ್ವರ ಬಂದರೆ ಕೂಡಲೇ ವೈದ್ಯರನ್ನು ಕೇಳಿ, ಕೇಳದೆ ಮುಂದಿನ ಡೋಸ್ ತೆಗೆದುಕೊಳ್ಳಬೇಡಿ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಭಯವಿರುವ ಕೊಪ್ಪ, ನರಸಿಂಹರಾಜಪುರ ಕಡೆಯವರು ಕಾಡಿಗೆ ಹೋಗಿಬಂದದ್ದನ್ನೂ ತಪ್ಪದೆ ಹೇಳಿ.