ಇಳಿದು ಬರುವ ಎಂಜಿನ್ನಿನ ಲೆಕ್ಕ

ವಾಸ್ಕೋದ ನಮ್ಮ ಬಾಡಿಗೆ ಮನೆಯ ಕಿಟಕಿಗೆ ದಿನಕ್ಕೆರಡು ಸಲ ಒದ್ದೆ ಬಟ್ಟೆ ಹಿಡಿಯಬೇಕು. ಬಂದರಿನ ಕಲ್ಲಿದ್ದಲ ಪುಡಿ. ಮೊದಲ ವರ್ಷ ಬೈದುಕೊಂಡೇ ಒರೆಸುತ್ತಿದ್ದೆ. ಎರಡನೇ ವರ್ಷ ಅದೇ ಕಲ್ಲಿದ್ದಲು ನನ್ನ ಪಿಎಚ್.ಡಿ.ಗೆ ವಿಷಯವಾಯಿತು. ಮುರಗಾಂವ್ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಘಟ್ಟ ಹತ್ತಿ ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗಳಿಗೆ ಹೋಗಬೇಕು. ಘಟ್ಟದಲ್ಲಿ ಇರುವುದು ಒಂದೇ ಹಳಿ. ಅದರ ಮೇಲೆ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದು? ಕೇಳಲು ಇಷ್ಟೇ ಪ್ರಶ್ನೆ. ನಾಲ್ಕು ವರ್ಷ ಹಿಡಿಯಿತು.

ಆ ತುಂಡಿನ ಪರಿಚಯ ಮೊದಲು. ಗೋವಾದ ಕುಳೆಂನಿಂದ ಮೇಲೆ ನಮ್ಮ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ವರೆಗೆ, ಸುಮಾರು 26 ಕಿ.ಮೀ. ನಡುವೆ ಸೋನಾವಳಿ, ದೂಧ್‌ಸಾಗರ, ಕಾರಂಜೋಳ್. 1880ರ ದಶಕದಲ್ಲಿ, ಪೋರ್ಚುಗೀಸರ ಕಾಲದಲ್ಲಿ, ಮೀಟರ್ ಗೇಜಿನಲ್ಲಿ ಹಾಕಿದ ದಾರಿ. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ಏರು ಮಾತ್ರ ಹಾಗೇ ಉಳಿಯಿತು: 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕಾರಿನಲ್ಲಿ ಹೋಗುವವರಿಗೆ ಇದು ಏರು ಅಂತಲೇ ಅನಿಸುವುದಿಲ್ಲ. 58 ವ್ಯಾಗನ್ ತುಂಬಿದ ಒಂದು ರೇಕ್ ಒಟ್ಟು ಸುಮಾರು 4,700 ಟನ್ ತೂಗುತ್ತದೆ. ಅದನ್ನು 37ರಿಂದ ಭಾಗಿಸಿ ನೋಡಿ: ಏರೊಂದೇ 127 ಟನ್ ಬಲದಿಂದ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಅಷ್ಟನ್ನೂ ಮುಂದಿನಿಂದಲೇ ಎಳೆಯಲು ಹೋದರೆ ಕಪ್ಲಿಂಗ್ ಹರಿದೀತು. ಹಾಗಾಗಿ ಹಿಂದಿನಿಂದ ದೂಡಲು ಬೇರೆ ಎಂಜಿನ್‌ಗಳು. ರೈಲ್ವೆಯವರ ಬಾಯಲ್ಲಿ ಅವು ಬ್ಯಾಂಕರ್. ಕುಳೆಂನಲ್ಲಿ ಹಚ್ಚುತ್ತಾರೆ, ಕ್ಯಾಸಲ್‌ರಾಕ್‌ನಲ್ಲಿ ಬಿಚ್ಚುತ್ತಾರೆ.

ನಾನು ಶುರು ಮಾಡಿದ್ದು ಎಲ್ಲರೂ ಶುರು ಮಾಡುವಲ್ಲೇ, ಸ್ಕಾಟ್ ಸೂತ್ರದಿಂದ. ಒಂಟಿ ಹಳಿಯ ಎರಡು ಸ್ಟೇಷನ್ ನಡುವೆ ಅತಿ ನಿಧಾನದ ಗಾಡಿಗೆ ಎಷ್ಟು ನಿಮಿಷ ಬೇಕು, ಅದಕ್ಕೆ ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಮುಂದಿನ ಸ್ಟೇಷನ್ನಿನ ಒಪ್ಪಿಗೆ, ಕೇಳಿ ಕೊಡುವ ಕೆಲಸದ ನಿಮಿಷ ಸೇರಿಸಿ. ದಿನದ 1,440 ನಿಮಿಷವನ್ನು ಆ ಮೊತ್ತದಿಂದ ಭಾಗಿಸಿ, 0.7ರಿಂದ ಗುಣಿಸಿ. ಆ 0.7 ಅಂದರೆ ಸೂತ್ರ ಬರೆದವರೇ ಕೆಟ್ಟ ದಿನಗಳಿಗೆ ಬಿಟ್ಟ ಜಾಗ. ಇಲ್ಲಿ ದುಂಡು ಸಂಖ್ಯೆಗಳನ್ನೇ ಬಳಸುತ್ತೇನೆ, ಯಾಕೆಂದರೆ ದಾಖಲೆ ನೋಡಲು ಸಿಕ್ಕ ಅನುಮತಿಯ ಷರತ್ತಿನ ಪ್ರಕಾರ ಅಸಲು ಅಂಕಿಗಳನ್ನು ಹೊರಗೆ ಹಾಕುವಂತಿಲ್ಲ. 7 ಕಿ.ಮೀ. ದೂರ, ಗಂಟೆಗೆ 20 ಕಿ.ಮೀ. ವೇಗ ಅಂದರೆ 21 ನಿಮಿಷ. ಲೈನ್ ಕ್ಲಿಯರ್‌ಗೆ 5. ಒಟ್ಟು 26. ಭಾಗಿಸಿದರೆ 55, ಗುಣಿಸಿದರೆ 38. ಎರಡೂ ದಿಕ್ಕು ಸೇರಿ ದಿನಕ್ಕೆ 38 ಗಾಡಿ. ಒಂದು ಸಂಜೆಯ ಕೆಲಸ. ಖುಷಿಯಲ್ಲಿ ಝುವಾರಿನಗರಕ್ಕೆ ಕಾಕಾನ ಮನೆಗೆ ಹೋದೆ.

ಕಾಕಾ ಹುಬ್ಬಳ್ಳಿಯಿಂದ ಬಂದು ಈ ಘಟ್ಟದಲ್ಲೇ ಎಂಜಿನ್ ಓಡಿಸಿ ನಿವೃತ್ತರಾದವರು. ರೊಟ್ಟಿ ಮುರಿಯುತ್ತಲೇ ನನ್ನ ಹಾಳೆ ನೋಡಿದರು.

"ಹತ್ತೋ ಗಾಡಿ ಎಣಿಸಿದಿ. ಇಳಿಯೋ ಗಾಡಿ ಎಣಿಸಿದಿ. ದೂಡಿದ ಎಂಜಿನ್ನು?"

"ಅದು ಗಾಡಿ ಜೊತೆಗೇ ಬಂತಲ್ಲ ಕಾಕಾ, ಒಂದೇ ಲೆಕ್ಕ."

"ಹೋಗೂದು ಜೋಡೀನ. ತಿರುಗಿ ಹ್ಯಾಂಗ ಬರ್ತೈತಿ ತಮ್ಮಾ, ಹಾರಿ ಬರ್ತೈತೇನು?"

ಕಾಕಿ ನಕ್ಕರು. ನನಗೆ ನಗು ಬರಲಿಲ್ಲ. ಖಾಲಿ ಎಂಜಿನ್ ಆದರೂ ಎರಡು ಸ್ಟೇಷನ್ ನಡುವಿನ ಹಳಿಯನ್ನು ಅದು ಪೂರ್ತಿ ಹಿಡಿಯುತ್ತದೆ. ಅದು ದಾಟುವವರೆಗೆ 58 ವ್ಯಾಗನ್‌ನ ಗಾಡಿಯೂ ಕಾಯಬೇಕು, ಗೋವಾ ಎಕ್ಸ್‌ಪ್ರೆಸ್ಸೂ ಕಾಯಬೇಕು.

ಅಲ್ಲಿಂದ ನಿಜವಾದ ಕೆಲಸ. ಬೇಕಾಗಿದ್ದು ಟ್ರೇನ್ ಸಿಗ್ನಲ್ ರಿಜಿಸ್ಟರ್. ಲೈನ್ ಕ್ಲಿಯರ್ ಯಾವಾಗ ಕೇಳಿದರು, ಯಾವಾಗ ಕೊಟ್ಟರು, ಗಾಡಿ ಯಾವಾಗ ಹೊರಟಿತು, ಯಾವಾಗ ಬಂತು ಎಲ್ಲವನ್ನೂ ಸ್ಟೇಷನ್ ಮಾಸ್ಟರು ಅದರಲ್ಲಿ ಬರೆದಿರುತ್ತಾರೆ. ಅನುಮತಿಗೆ ತಿಂಗಳುಗಟ್ಟಲೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. ಆ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ, ಬಿಡಿ. ಸಿಕ್ಕ ಮೇಲೆ ಫೋಟೊ ತೆಗೆಯುವಂತಿಲ್ಲ, ಕೈಯಲ್ಲೇ ನಕಲು ಮಾಡಬೇಕು. ಬೆನ್ನು ನೋವು ಬಂದಿತಾದರೂ ಅದರಿಂದ ಒಳ್ಳೆಯದೇ ಆಯಿತು. ಕೈಯಲ್ಲಿ ಬರೆಯುವಾಗ ಪ್ರತಿ ಸಾಲೂ ಕಣ್ಣಿಗೆ ಬೀಳುತ್ತದೆ.

ಎರಡು ತಪ್ಪು ಮಾಡಿದೆ, ಮುಂದೆ ಯಾರಾದರೂ ಈ ಕೆಲಸ ಹಿಡಿದರೆ ಉಪಯೋಗಕ್ಕೆ ಬಂದೀತೆಂದು ಹೇಳುತ್ತೇನೆ. ಒಂದು, ನಡುರಾತ್ರಿ. 23:52ಕ್ಕೆ ಹೊರಟು 00:18ಕ್ಕೆ ಮುಟ್ಟಿದ ಗಾಡಿಯನ್ನು ನನ್ನ ಎಕ್ಸೆಲ್ ಹಾಳೆ ಇಪ್ಪತ್ತಮೂರೂವರೆ ಗಂಟೆ ಮುಂಚೆಯೇ ಮುಟ್ಟಿದೆ ಎಂದು ಕಳೆದುಬಿಟ್ಟಿತ್ತು. ತಿಂಗಳ ಸರಾಸರಿ ಭಾರಿ ಚೆನ್ನಾಗಿ ಬಂತು. ಘಟ್ಟದಲ್ಲಿ ಗಾಡಿಗಳು ಇಷ್ಟು ಚುರುಕಾಗಿ ಓಡುತ್ತವಾ ಎಂದು ಎರಡು ವಾರ ಬೀಗಿದೆ. ಎರಡನೆಯದು, ಆ ಸರಾಸರಿಯೇ. ಜುಲೈ ತಿಂಗಳ ಒಂದು ರಾತ್ರಿ ಹಳಿಯ ಮೇಲೆ ಮಣ್ಣು ಜಾರಿ ಗಾಡಿ ಗಂಟೆಗಟ್ಟಲೆ ನಿಂತರೆ ಇಡೀ ತಿಂಗಳ ಸರಾಸರಿ ಅದೊಂದರ ಹಿಂದೆ ಹೋಗುತ್ತದೆ. ಆಮೇಲೆ ಮಧ್ಯಾಂಕ ತೆಗೆದೆ, ನೂರರಲ್ಲಿ ತೊಂಬತ್ತು ಗಾಡಿ ಎಷ್ಟರೊಳಗೆ ದಾಟುತ್ತವೆ ಎಂಬುದನ್ನೂ ತೆಗೆದೆ, ಮಳೆಗಾಲವನ್ನು ಬೇರೆಯೇ ಇಟ್ಟೆ.

ಇನ್ನೊಂದು ತೊಡಕು. ಗೂಡ್ಸ್ ಗಾಡಿಗಳಿಗೆ ಪ್ಯಾಸೆಂಜರ್ ಗಾಡಿಯ ಹಾಗೆ ಕಾಯಂ ನಂಬರೂ ಇಲ್ಲ, ವೇಳಾಪಟ್ಟಿಯೂ ಇಲ್ಲ. ದಾರಿ ಸಿಕ್ಕಾಗ ಹೊರಡುತ್ತವೆ. ಕುಳೆಂನ ರಿಜಿಸ್ಟರಿನ ಗಾಡಿಯೇ ಕ್ಯಾಸಲ್‌ರಾಕ್‌ನಲ್ಲಿ ಬಂದಿದ್ದೆಂದು ತಿಳಿಯುವುದು ಹೇಗೆ? ಎಂಜಿನ್ ನಂಬರು ಹಿಡಿದು ಹೊಂದಿಸಿದೆ. ಹಾಗೆ ಹೊಂದಿಸುತ್ತ ಹೋದಾಗ ಯಾವ ಗಾಡಿಗೂ ಸೇರದ ನಂಬರುಗಳು ಉಳಿಯತೊಡಗಿದವು. ಮೊದಲು ನಕಲಿನ ತಪ್ಪೆಂದುಕೊಂಡೆ. ಅವೇ ಇಳಿದು ಬರುವ ಬ್ಯಾಂಕರ್‌ಗಳು. ರಿಜಿಸ್ಟರಿನಲ್ಲಿ ಅವುಗಳಿಗೆ "ಲೈಟ್ ಎಂಜಿನ್" ಎಂದು ಎರಡು ಪದ, ಅಷ್ಟೆ.

ಆಮೇಲೆ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿದೆ. ಅಡ್ಡಕ್ಕೆ ಇಪ್ಪತ್ನಾಲ್ಕು ಗಂಟೆ, ಉದ್ದಕ್ಕೆ ಐದು ಸ್ಟೇಷನ್. ಒಂದೊಂದು ಗಾಡಿಗೆ ಒಂದೊಂದು ಓರೆ ಗೆರೆ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್–ಲಿಯೋನ್ ಗಾಡಿಗಳಿಗೆ ಹೀಗೆ ಚಿತ್ರ ಬರೆದಿದ್ದರು. ಇವತ್ತಿಗೂ ಕಂಟ್ರೋಲ್ ಆಫೀಸಿನ ಪರದೆಯ ಮೇಲೆ ಕಾಣುವುದು ಅದೇ ಚಿತ್ರ. ಕಂಪ್ಯೂಟರಿನಲ್ಲೇ ಮಾಡಬಹುದಿತ್ತು, ನನ್ನ ಜೊತೆಯವರು ಹಾಗೇ ಮಾಡುತ್ತಾರೆ. ನನಗೆ ಗೋಡೆ ಬೇಕಿತ್ತು. ಪ್ಯಾಸೆಂಜರ್ ಕೆಂಪು, ತುಂಬಿದ ರೇಕ್ ನೀಲಿ, ಖಾಲಿ ರೇಕ್ ಹಸಿರು, ಲೈಟ್ ಎಂಜಿನ್‌ಗೆ ಪೆನ್ಸಿಲ್ ಚುಕ್ಕಿ. ಮೂರನೇ ದಿನದ ಹಾಳೆ ಮುಗಿಯುವ ಹೊತ್ತಿಗೆ ಪೆನ್ಸಿಲ್ ಸಣ್ಣದಾಗಿತ್ತು.

ಈಗ ಲೆಕ್ಕವನ್ನು ಮತ್ತೆ ನೋಡಿ, ಅದೇ ದುಂಡು ಸಂಖ್ಯೆಗಳಲ್ಲಿ. 38ರಲ್ಲಿ ಪ್ಯಾಸೆಂಜರ್‌ಗೆ 8 ಕೊಟ್ಟರೆ ಉಳಿದದ್ದು 30. ಒಂದು ತುಂಬಿದ ಗಾಡಿ ಹತ್ತಿದರೆ ಅದಕ್ಕೆ ಬದಲು ಒಂದು ಖಾಲಿ ರೇಕ್ ಇಳಿಯಬೇಕು, ಮೇಲಿಂದ ಬ್ಯಾಂಕರ್ ಇಳಿಯಬೇಕು. ಒಂದಕ್ಕೆ ಮೂರು ಓಡಾಟ. 30ನ್ನು ಮೂರರಿಂದ ಭಾಗಿಸಿದರೆ ಹತ್ತೇ ಗಾಡಿ. ನನ್ನ ಮೊದಲ ಹಾಳೆ ಹದಿನೈದು ಎಂದಿತ್ತು. ಮೂರರಲ್ಲೊಂದು ಪಾಲು ಗಾಳಿಗೆ ಹೋಗಿತ್ತು.

ಇಲ್ಲಿ ನಾನು ಜಾಣತನ ತೋರಿಸಲು ಹೋದೆ. ಬ್ಯಾಂಕರ್‌ಗಳು ಮೇಲೆ ಸುಮ್ಮನೆ ನಿಂತಿರುತ್ತವೆ, ಆ ಕಾಯುವಿಕೆ ಕಡಿಮೆ ಮಾಡಿದರೆ ಗಾಡಿ ಹೆಚ್ಚಾಗುತ್ತದೆ ಎಂದು ಒಂದು ಅಧ್ಯಾಯವನ್ನೇ ಬರೆದೆ. ಹತ್ತಲು 90 ನಿಮಿಷ, ಬಿಚ್ಚಲು 20, ದಾರಿಗಾಗಿ ಕಾಯಲು 50, ಇಳಿಯಲು 60, ಮತ್ತೆ ಹಚ್ಚಿ ಬ್ರೇಕ್ ಪರೀಕ್ಷೆಗೆ 20: ಒಂದು ಸುತ್ತಿಗೆ 240 ನಿಮಿಷ. ಒಂದು ಗಾಡಿಯನ್ನು ಒಟ್ಟಿಗೆ ದೂಡುವ ಬ್ಯಾಂಕರ್‌ಗಳು ಒಂದು ಸೆಟ್. ದಿನಕ್ಕೆ ಒಂದು ಸೆಟ್ ಆರು ಸಲ ದೂಡುತ್ತದೆ, ಮೂರು ಸೆಟ್ ಇದ್ದರೆ ಹದಿನೆಂಟು. ಕಾಯುವುದನ್ನು 50ರಿಂದ 10ಕ್ಕೆ ಇಳಿಸಿದರೆ ಇಪ್ಪತ್ತೊಂದು! ಮಾರ್ಗದರ್ಶಕರಿಗೂ ಹಿಡಿಸಿತು.

ಮತ್ತೆ ಕಾಕಾ. ಈ ಸಲ ಮನೆಗೇ ಬಂದಿದ್ದರು, ಗೋಡೆಯ ಮುಂದೆ ಕೈಕಟ್ಟಿ ನಿಂತು ನೋಡಿದರು. "ಲಗೂ ಇಳಿಸ್ತಿ, ಖರೇ. ಹಳಿ ಎಲ್ಲೈತಿ?" ಅಂದರು.

ಹೌದಲ್ಲ. ಹಳಿ ಹತ್ತಕ್ಕಿಂತ ಹೆಚ್ಚು ಬಿಡುವುದೇ ಇಲ್ಲ. ಇಪ್ಪತ್ತೊಂದು ಸಲ ದೂಡಲು ಎಂಜಿನ್ ಸಿದ್ಧವಿದ್ದು ಏನು ಮಾಡುವುದು? ಅಷ್ಟರಲ್ಲಿ ಅವರ ಬೆರಳು ಒಂದು ಹಸಿರು ಗೆರೆಯ ಮೇಲೆ ನಿಂತಿತ್ತು. ಆ ರಾತ್ರಿಯ ಹಾಳೆಯಲ್ಲಿ ಒಂದು ಬ್ಯಾಂಕರ್ ಹತ್ತಿದ್ದಿತ್ತು, ಇಳಿದ ಚುಕ್ಕಿ ಗೆರೆಯೇ ಇರಲಿಲ್ಲ. ನಾನು ನಕಲಿನಲ್ಲಿ ಬಿಟ್ಟಿದ್ದೇನೆ ಎಂದುಕೊಂಡಿದ್ದೆ. "ಇದು ಖಾಲಿ ರೇಕಿಗೆ ಹಚ್ಚಿಕೊಂಡು ಬಂದೈತಿ ನೋಡು. ನಾವೂ ಹಂಗ ಮಾಡ್ತಿದ್ವಿ. ಇಳಿಜಾರಿನ್ಯಾಗ ಬ್ರೇಕಿಗೂ ಆಧಾರ ಆಕ್ಕೈತಿ."

ರಿಜಿಸ್ಟರಿಗೆ ವಾಪಸು ಹೋಗಿ ನೋಡಿದೆ. ಎಂಜಿನ್ ನಂಬರು ಖಾಲಿ ರೇಕಿನ ಸಾಲಿನಲ್ಲೇ ಷರಾ ಕಾಲಮ್ಮಿನಲ್ಲಿ ಇತ್ತು. ಅಂಥವು ಇನ್ನೂ ಸಿಕ್ಕವು.

ಪ್ರತಿ ಬ್ಯಾಂಕರೂ ಹೀಗೆ ಖಾಲಿ ರೇಕಿನ ಜೊತೆಗೆ ಇಳಿದರೆ ಒಂದು ಗಾಡಿಗೆ ಮೂರರ ಬದಲು ಎರಡೇ ಓಡಾಟ. 30ನ್ನು ಎರಡರಿಂದ ಭಾಗಿಸಿ: ಹದಿನೈದು. ಹೊಸ ಹಳಿ ಇಲ್ಲ, ಹೊಸ ಎಂಜಿನ್ ಇಲ್ಲ. ಆದರೆ ಬ್ಯಾಂಕರ್ ಮೇಲೆ ಹೆಚ್ಚು ಹೊತ್ತು ಕಾಯಬೇಕು, ಖಾಲಿ ರೇಕ್ ಲೋಂಡಾ ಕಡೆಯಿಂದ ಬರುವವರೆಗೆ. ಎಷ್ಟು ಹೊತ್ತು ಕಾದರೆ ಅಡ್ಡಿಯಿಲ್ಲ? ಮೂರು ಸೆಟ್ ಹದಿನೈದು ಗಾಡಿ ದೂಡಬೇಕೆಂದರೆ ಒಂದೊಂದು ಐದು ಸಲ, ಅಂದರೆ ಸುತ್ತಿಗೆ 288 ನಿಮಿಷ ಸಿಗುತ್ತದೆ. ಈಗಿನ 50 ನಿಮಿಷದ ಕಾಯುವಿಕೆ 98 ಆದರೂ ನಡೆಯುತ್ತದೆ. ಸುಮ್ಮನೆ ನಿಂತ ಎಂಜಿನ್ ಎಂದು ನಾನು ಕೆಂಪು ಮಸಿಯಲ್ಲಿ ಗುರುತು ಹಾಕಿದ್ದೆಲ್ಲ ಹಳಿಯನ್ನು ಉಳಿಸುತ್ತಿತ್ತು. ಅಧ್ಯಾಯ ಪೂರ್ತಿ ಹರಿದು ಬರೆದೆ. ಖಾಲಿ ರೇಕ್ ಒಂದು ಗಡುವು ಮೀರಿದರೂ ಬರುವ ಸೂಚನೆ ಇಲ್ಲದಿದ್ದರೆ ಎರಡು ಸೆಟ್ ಸೇರಿಸಿ ಒಟ್ಟಿಗೆ ಇಳಿಸಬೇಕು. ಆ ಗಡುವು ಎಷ್ಟು ಎಂಬುದೇ ನನ್ನ ಪ್ರಬಂಧದ ತಿರುಳು. ಚಾಲಕರ ಕೆಲಸದ ಗಂಟೆ ಮುಗಿಯುವ ಹೊತ್ತನ್ನೂ ಅದರೊಳಗೆ ತರಬೇಕಾಯಿತು. ಅದು ಸುಲಭವಿರಲಿಲ್ಲ, ಇನ್ನೂ ಸರಿಯಾಗಿ ಬಂದಿಲ್ಲ ಎಂದೇ ನನ್ನ ಅನಿಸಿಕೆ.

ವಾಸ್ಕೋದಲ್ಲಿ ಈ ವಿಷಯ ಎತ್ತಿದರೆ ಜನ ಕೇಳುವುದು ಒಂದೇ: ನೀನು ಜೋಡಿ ಹಳಿಯ ಪರವೋ ವಿರುದ್ಧವೋ? ಜೋಡಿ ಹಳಿ ಬೇಡವೆಂದು 2020ರ ನವೆಂಬರಿನಲ್ಲಿ ಗೋವಾದ ಚಾಂದೋರಿನಲ್ಲಿ ಊರವರು ರಾತ್ರಿಯಿಡೀ ಹಳಿಯ ಬಳಿ ಕೂತಿದ್ದರು. ಘಟ್ಟದ ತುಂಡಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಿಟಕಿ ಒರೆಸುವವನಾಗಿ ನನಗೂ ಒಂದು ಅಭಿಪ್ರಾಯ ಇದೆ. ಆದರೆ ನನ್ನ ಲೆಕ್ಕವನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳಬಹುದು: ಇರುವ ಹಳಿಯಲ್ಲೇ ಇನ್ನಷ್ಟು ಆಗುತ್ತದಾದ್ದರಿಂದ ಎರಡನೆಯದು ಬೇಡ ಎಂದು ಒಬ್ಬರು, ನೋಡಿ ಇನ್ನೂ ಕಲ್ಲಿದ್ದಲು ತರಲು ದಾರಿ ಹುಡುಕಿಕೊಟ್ಟ ಎಂದು ಇನ್ನೊಬ್ಬರು. ಎರಡನೆಯ ಮಾತು ನನ್ನ ಮನೆಯಲ್ಲೇ ಕೇಳಿದ್ದೇನೆ.

ಕಳೆದ ತಿಂಗಳು ಆಪರೇಟಿಂಗ್ ವಿಭಾಗದ ಕೆಲವರ ಮುಂದೆ ಇದನ್ನು ಹೇಳಿದೆ. ಹಿರಿಯ ಕಂಟ್ರೋಲರ್ ಒಬ್ಬರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಸರ್, ಬ್ಯಾಂಕರ್ ಹಚ್ಚಿದ ಖಾಲಿ ರೇಕು ನಡುವಿನ ಸ್ಟೇಷನ್ನಿನ ಲೂಪಿನಲ್ಲಿ ಹಿಡಿಸತ್ತಾ?" ಲೂಪ್ ಅಂದರೆ ಎದುರಿನ ಗಾಡಿಗೆ ದಾರಿ ಬಿಡಲು ಸ್ಟೇಷನ್ನಿನಲ್ಲಿ ಸರಿದು ನಿಲ್ಲುವ ಪಕ್ಕದ ಹಳಿ. ಅಲ್ಲೇ ಹಾಳೆಯ ಹಿಂಬದಿಗೆ ಕೂಡಿಸಿದೆ. 58 ವ್ಯಾಗನ್, ಒಂದೊಂದು 10.7 ಮೀಟರ್: 621. ಮುಂದಿನ ಎರಡು ಎಂಜಿನ್, ಬ್ರೇಕ್ ವ್ಯಾನ್ ಸೇರಿ ಸುಮಾರು 677. ಸಾಮಾನ್ಯವಾಗಿ ಲೂಪಿನ ಉದ್ದ ಹಿಡಿಯುವುದು 686. ಅದರ ಮೇಲೆ 21 ಮೀಟರಿನ ಮೂರು ಬ್ಯಾಂಕರ್ ಬಂದರೆ 740. ಲೂಪಿನಲ್ಲಿ ನಿಲ್ಲಲಾರದ ಗಾಡಿಯನ್ನು ಕ್ಯಾಸಲ್‌ರಾಕ್‌ನಿಂದ ಬಿಟ್ಟರೆ ಎದುರಿನ ಗಾಡಿಯೇ ಲೂಪಿಗೆ ಸರಿಯಬೇಕು. ಎದುರಿನದೂ ಬ್ಯಾಂಕರ್ ಹೊತ್ತೇ ಬರುತ್ತಿರುತ್ತದೆ.

ಬರುವ ಸೋಮವಾರ ಟೇಪು ಹಿಡಿದು ಸೋನಾವಳಿಗೆ ಹೊರಟಿದ್ದೇನೆ. ಕಾಕಾನೂ ಬರುತ್ತಾರಂತೆ.