ಒಂದೇ ಬೆರಳಿಟ್ಟು ತೋರಿಸಿ: ಮಂಡಿನೋವು ಮತ್ತು ನನ್ನ ಅನುಭವ

ನಾನು ಫಿಸಿಯೋಥೆರಪಿಸ್ಟ್. ದಿನವಿಡೀ ಬೇರೆಯವರ ಮಂಡಿ ಮುಟ್ಟಿ, ಮಡಿಸಿ, ತಿರುಗಿಸಿ ನೋಡುವುದೇ ನನ್ನ ಕೆಲಸ. ಆದರೂ ನನ್ನದೇ ಬಲಮಂಡಿ ನೋಯಲು ಶುರುವಾದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 45 ದಾಟಿತು, ಸವೆತ ಶುರುವಾಗಿರಬೇಕು ಅಂದುಕೊಂಡು ಸುಮ್ಮನಾದೆ. ಒಂದು ನೀ ಕ್ಯಾಪ್ ಹಾಕಿಕೊಂಡು ಎರಡು ವಾರ ಓಟ, ವ್ಯಾಯಾಮ ಎಲ್ಲ ಬಿಟ್ಟುಬಿಟ್ಟೆ.

ನೋವೇನೋ ಕಡಿಮೆಯಾಯಿತು. ಮತ್ತೆ ಓಡಿದ ದಿನವೇ ವಾಪಸ್ ಬಂತು, ಮೊದಲಿಗಿಂತ ಜಾಸ್ತಿ.

ಅವತ್ತು ರಾತ್ರಿ, ಬಂದವರನ್ನೆಲ್ಲ ಕೇಳುವ ಪ್ರಶ್ನೆಯನ್ನೇ ನನಗೂ ಕೇಳಿಕೊಂಡೆ. ಎಲ್ಲಿ ನೋವು, ಒಂದೇ ಬೆರಳಿಟ್ಟು ತೋರಿಸಿ. ಈ ಒಂದು ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಮಂಡಿಯ ಒಳಬದಿಯಲ್ಲಿ ಎರಡು ಮೂಳೆ ಕೂಡುವ ಗೆರೆಯ ಮೇಲೆ ಬೆರಳಿಟ್ಟರೆ ಮೆನಿಸ್ಕಸ್ ಅಥವಾ ಸವೆತದ ಕಡೆಗೆ ಯೋಚನೆ ಹೋಗುತ್ತದೆ. ಮೆನಿಸ್ಕಸ್ ಅಂದರೆ ಮೂಳೆಗಳ ನಡುವಿನ ಅರ್ಧಚಂದ್ರದಂಥ ಮೆತ್ತೆ. ಅದೇ ಬದಿಯಲ್ಲಿ ಮೂರು ಬೆರಳು ಕೆಳಗೆ ತೋರಿಸಿದರೆ ತೊಂದರೆ ಕೀಲಿನ ಒಳಗಿರುವುದಿಲ್ಲ, ಅಲ್ಲಿ ಬಂದು ಅಂಟಿಕೊಳ್ಳುವ ಸ್ನಾಯುರಜ್ಜುವಿನಲ್ಲೋ ಅದರ ಕೆಳಗಿನ ನೀರಿನ ಚೀಲದಲ್ಲೋ ಇರುತ್ತದೆ. ಚಿಪ್ಪಿನ ಕೆಳತುದಿ ಅಂದರೆ ಸಾಮಾನ್ಯವಾಗಿ ಜಿಗಿಯುವ ಆಟಗಾರರು. ಹೊರಬದಿ ಅಂದರೆ ಹೆಚ್ಚಾಗಿ ಓಟಗಾರರು.

ನನಗೆ ಒಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಅಂಗೈಯಿಂದ ಇಡೀ ಚಿಪ್ಪನ್ನೇ ಮುಚ್ಚಿದೆ. ಮೆಟ್ಟಿಲು ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ. ಒಂದು ಗಂಟೆ ಕೂತು ಎದ್ದರೆ ಮೊದಲ ನಾಲ್ಕು ಹೆಜ್ಜೆ ಕಷ್ಟ. ಬೇರೆ ಯಾರಾದರೂ ಇದನ್ನೇ ಹೇಳಿದ್ದರೆ ಎರಡು ನಿಮಿಷದಲ್ಲಿ ಹಿಡಿದಿರುತ್ತಿದ್ದೆ: ಚಿಪ್ಪು ಮತ್ತು ತೊಡೆಮೂಳೆ ಉಜ್ಜುವ ಜಾಗದ ನೋವು. ನಮ್ಮ ಮಂಡಿ ಅಂದಾಗ ಬುದ್ಧಿ ಓಡುವುದಿಲ್ಲ, ಅಲ್ವಾ?

ಅನುಮಾನ ಬೇಡ ಅಂತ ನಿಂತ ಭಂಗಿಯಲ್ಲಿ ಎರಡೂ ಮಂಡಿಯ ಎಕ್ಸ್‌ರೇ ತೆಗೆಸಿದೆ. ಬಲಗಡೆ ಸಣ್ಣದೊಂದು ಮೂಳೆಮುಳ್ಳು ಕಂಡಿತು, ಸವೆತದ ಗುರುತು. ಎಡಗಡೆ ಅದಕ್ಕಿಂತ ದೊಡ್ಡದು. ಎಡಮಂಡಿ ಒಂದು ದಿನವೂ ನೊಂದಿದ್ದಿಲ್ಲ! ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೂಳೆಗಳ ನಡುವಿನ ಸಂದು ಕಾಣುತ್ತದೆ, ನೋವು ಕಾಣುವುದಿಲ್ಲ. 'ಸವೆದಿದೆ' ಎಂಬ ರಿಪೋರ್ಟ್ ಓದಿ ನಡೆಯುವುದನ್ನೇ ನಿಲ್ಲಿಸಿದವರನ್ನು ಎಷ್ಟೋ ನೋಡಿದ್ದೇನೆ. ನನಗೆ ಅತಿ ಸಿಟ್ಟು ಬರುವುದು ಅದಕ್ಕೇ.

ಹಾಗಾದರೆ ಕಾರಣ ಏನು? ಡೈರಿ ತಿರುವಿ ಹಾಕಿದೆ. ಕೆಲವು ತಿಂಗಳು ಬಿಟ್ಟಿದ್ದ ಓಟವನ್ನು ಮತ್ತೆ ಶುರುಮಾಡಿ, ಎರಡೇ ವಾರದಲ್ಲಿ 3 ಕಿಲೋಮೀಟರಿನಿಂದ 8ಕ್ಕೆ ಏರಿಸಿದ್ದೆ. ಇದು ಒಂದು. ಇನ್ನೊಂದನ್ನು ಕನ್ನಡಿ ತೋರಿಸಿತು. ಚಿಪ್ಪಿನ ನಡುವೆ ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡೆ. ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು ಎಡಗಾಲನ್ನು ನಿಧಾನವಾಗಿ ಕೆಳಗಿಳಿಸಿದೆ. ಚುಕ್ಕೆ ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ನನ್ನದು ಹೆಬ್ಬೆರಳನ್ನೂ ದಾಟಿ ಒಳಗೆ ವಾಲಿತು, ಎಡಸೊಂಟ ಕುಸಿಯಿತು. ಅಂದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ, ಪೆಟ್ಟು ತಿನ್ನುತ್ತಿರುವುದು ಮಂಡಿ. ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಟೇಪ್ ಹಿಡಿದು ನೋಡಿದರೆ ಬಲತೊಡೆ ಎಡಕ್ಕಿಂತ ಒಂದೂವರೆ ಸೆಂಟಿಮೀಟರ್ ಸಣ್ಣ. ಎರಡು ವಾರದ ವಿಶ್ರಾಂತಿ ಇದಕ್ಕೆ ತುಪ್ಪ ಸುರಿದಿತ್ತು.

ವಾರಕ್ಕೆ ಮೂರು ದಿನ ಅಂತ ಇಟ್ಟುಕೊಂಡೆ. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಗೋಡೆಗೆ ಒರಗಿ ಅರ್ಧ ಕೂರುವುದು, ಆಮೇಲೆ ಅದೇ ಮೆಟ್ಟಿಲಿಳಿಯುವ ವ್ಯಾಯಾಮ, ಮೊದಲು 10 ಸೆಂಟಿಮೀಟರ್ ಎತ್ತರ, ನಂತರ 20. ನೋವಿಗೆ ಹತ್ತರಲ್ಲಿ ಅಂಕ ಕೊಟ್ಟರೆ 3ರವರೆಗೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಯೊಳಗೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಮಾಡುತ್ತಿದ್ದೆ. ಆರನೇ ವಾರಕ್ಕೆ ಮೆಟ್ಟಿಲು ಸಲೀಸಾಯಿತು. ಸರಿಯಾಗಿ ಓಡಲು ಮೂರು ತಿಂಗಳು ಹಿಡಿಯಿತು.

ಎಲ್ಲ ಮಂಡಿನೋವಿಗೂ ಇದೇ ಮದ್ದಲ್ಲ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟರೆ ಸಾಮಾನ್ಯವಾಗಿ ಸವೆತ. ಒಂದು ಗಂಟೆ ದಾಟಿದರೆ, ಬೇರೆ ಕೀಲುಗಳೂ ಊದಿದ್ದರೆ, ಕೀಲುಗಳಲ್ಲಿ ಉರಿಯೂತ ತರುವ ಸಂಧಿವಾತದ ಪರೀಕ್ಷೆ ಆಗಬೇಕು. ಬಿದ್ದಾಗ 'ಟಪ್' ಅಂತ ಸದ್ದಾಗಿ ಒಂದೆರಡು ಗಂಟೆಯಲ್ಲೇ ಊದಿದರೆ ಒಳಗೆ ರಕ್ತ ತುಂಬಿರುತ್ತದೆ, ಎಷ್ಟೋ ಸಲ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿರುತ್ತದೆ. ಮೆನಿಸ್ಕಸ್ ಹರಿದರೆ ಊತ ಬರುವುದು ಸಾಮಾನ್ಯವಾಗಿ ಮರುದಿನ, ಕೆಲವೊಮ್ಮೆ ಮಂಡಿ ಮಡಿಸಿದಲ್ಲೇ ಸಿಕ್ಕಿಕೊಳ್ಳುತ್ತದೆ. ಮಂಡಿ ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರವೂ ಇದ್ದರೆ ನನ್ನಂಥವರ ಹತ್ತಿರ ಬರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಬ್ಬರಿಗೆ ಮೂರು ಸಲ ಮಂಡಿಗೇ ಚಿಕಿತ್ಸೆ ಕೊಟ್ಟೆ. ಒತ್ತಿದರೆ ಎಲ್ಲೂ ನೋವಿಲ್ಲ, ಮಂಡಿ ಪೂರ್ತಿ ಮಡಚುತ್ತದೆ, ನಡೆದರೆ ಮಾತ್ರ ನೋವು. ನಾಲ್ಕನೇ ಸಲ ಅವರನ್ನು ಮಲಗಿಸಿ ಸೊಂಟದ ಕೀಲನ್ನು ಒಳಕ್ಕೆ ತಿರುಗಿಸಿದೆ. "ಅಯ್ಯೋ, ಅದೇ ನೋವು ಸಾರ್!" ಎಂದು ಮಂಡಿ ಹಿಡಿದುಕೊಂಡರು. ಸವೆದಿದ್ದು ಸೊಂಟದ ಕೀಲು. ಎರಡೂ ಕೀಲಿಗೆ ಹೋಗುವ ಕೆಲವು ನರಗಳು ಒಂದೇ ಆಗಿರುವುದರಿಂದ ನೋವು ಹೀಗೆ ಮನೆ ತಪ್ಪಿ ಬರುತ್ತದೆ. ಅಂದಿನಿಂದ ಯಾರೇ ಮಂಡಿ ತೋರಿಸಿದರೂ ಮೊದಲು ಸೊಂಟ ತಿರುಗಿಸಿ ನೋಡುತ್ತೇನೆ.

ತೂಕದ ಮಾತು ನಾನು ಕೊನೆಗೆ ಎತ್ತುತ್ತೇನೆ. 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ಇಳಿಯುತ್ತದೆ ಎಂಬುದು ನಿಜ. ಆದರೆ ನೋವಿಂದ ಬಂದವರಿಗೆ ಬಾಗಿಲಲ್ಲೇ ಇದನ್ನು ಹೇಳಿದರೆ ಅವರು ಮತ್ತೆ ಬರುವುದಿಲ್ಲ.

ಈಗಲೂ ತಿಂಗಳಿಗೊಮ್ಮೆ ಮಂಡಿಗೆ ಪೆನ್ನಿನ ಚುಕ್ಕೆ ಇಟ್ಟು ಕನ್ನಡಿ ಮುಂದೆ ನಿಲ್ಲುತ್ತೇನೆ. ದಣಿದ ದಿನ ಚುಕ್ಕೆ ಸ್ವಲ್ಪ ಒಳಗೆ ಸರಿಯುತ್ತದೆ. ಅವತ್ತು ಓಟದಲ್ಲಿ 2 ಕಿಲೋಮೀಟರ್ ಕಡಿಮೆ.