ಸೊಸೈಟಿಯ ನೀರನ್ನು ನಾವೇ ಪರೀಕ್ಷೆ ಮಾಡುವುದು ಹೇಗೆ

ಎರಡು ವರ್ಷದ ಹಿಂದೆ, ಮಳೆ ಶುರುವಾದ ಹೊಸತರಲ್ಲಿ, ಪುಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಬಿ ವಿಂಗ್‌ನಲ್ಲಿ ಒಂದೇ ವಾರಕ್ಕೆ ಐದು ಮಕ್ಕಳಿಗೆ ವಾಂತಿ ಭೇದಿ ಆಯಿತು. ಎ ವಿಂಗ್‌ನಲ್ಲಿ ಒಬ್ಬರಿಗೂ ಇಲ್ಲ. ಮೀಟಿಂಗ್ ಕರೆದಾಗ ಕಮಿಟಿಯವರು ಲ್ಯಾಬ್ ರಿಪೋರ್ಟ್ ತೋರಿಸಿದರು. ನೀರು ಕುಡಿಯಲು ಯೋಗ್ಯ ಅಂತ ಬರೆದು ಸೀಲು ಹಾಕಿತ್ತು. ಆ ರಿಪೋರ್ಟ್ ಸುಳ್ಳಲ್ಲ. ಆದರೆ ಸ್ಯಾಂಪಲ್ ತೆಗೆದಿದ್ದು ಗೇಟಿನ ಹತ್ತಿರ, ಕಾರ್ಪೊರೇಷನ್ ಲೈನ್ ಒಳಗೆ ಬರುವ ಜಾಗದಲ್ಲಿ. ಮಕ್ಕಳು ಕುಡಿದದ್ದು ಆ ನೀರನ್ನೇ, ಆದರೆ ಅದು ಅಂಡರ್‌ಗ್ರೌಂಡ್ ಟ್ಯಾಂಕಿಗೆ ಬಿದ್ದು, ಟ್ಯಾಂಕರ್ ನೀರಿನ ಜೊತೆ ಬೆರೆತು, ಪಂಪಿನಲ್ಲಿ ಟೆರೇಸಿಗೆ ಹತ್ತಿ, ಅಲ್ಲಿ ಒಂದೂವರೆ ದಿನ ನಿಂತು, ಆಮೇಲೆ ಅಡುಗೆಮನೆ ನಲ್ಲಿಗೆ ಇಳಿದ ಮೇಲೆ.

ಆವತ್ತಿನಿಂದ ನಮ್ಮಲ್ಲಿ ನೀರಿನ ಪರೀಕ್ಷೆ ಮಾಡುವ ರೀತಿಯೇ ಬದಲಾಯಿತು. ಪುಣೆಯ ಸೊಸೈಟಿ, ಚಾಳ, ರೋ ಹೌಸ್‌ಗಳಲ್ಲಿರುವ ನಮ್ಮ ಕನ್ನಡದವರಿಗೆ, ಅದರಲ್ಲೂ ಕಮಿಟಿ ಕೆಲಸ ತಲೆ ಮೇಲೆ ಹೊತ್ತವರಿಗೆ, ಇದನ್ನು ಬರೆಯುತ್ತಿದ್ದೇನೆ. ಇದಕ್ಕೆ ಕೆಮಿಸ್ಟ್ರಿ ಓದಿರಬೇಕಿಲ್ಲ. ದಿನಕ್ಕೆ ಐದು ನಿಮಿಷ ಬೇಕು, ಅಷ್ಟೇ.

2025ರ ಜನವರಿ ನಿಮಗೆ ನೆನಪಿರಬೇಕು. ಸಿಂಹಗಡ ರೋಡ್, ನಾಂದೇಡ್ ಗಾಂವ್, ಕಿರ್ಕಟ್‌ವಾಡಿ, ಧಾಯರಿ ಕಡೆ ಜಿಬಿಎಸ್, ಅಂದರೆ ಗಿಲನ್-ಬಾರೆ ಸಿಂಡ್ರೋಮ್ ಅನ್ನುವ ನರಗಳ ಕಾಯಿಲೆ ಹಬ್ಬಿತು. ಜನರ ಕೈಕಾಲು ಸೋತು ವೆಂಟಿಲೇಟರ್ ತನಕ ಹೋಯಿತು, 200ಕ್ಕಿಂತ ಜಾಸ್ತಿ ಕೇಸ್ ಬಂದವು. ಹಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು, ಅನುಮಾನ ನೀರಿನ ಮೇಲೆ ಹೋಯಿತು. ಆಗ ಕೆಲವು ಖಾಸಗಿ ಆರ್‌ಒ ಪ್ಲಾಂಟ್‌ಗಳ ನೀರೂ ಸರಿ ಇಲ್ಲ ಅಂತ ಮಹಾನಗರ ಪಾಲಿಕೆ ಬೀಗ ಹಾಕಿತ್ತು. ಅಂದರೆ ಜನ ಶುದ್ಧ ಅಂತ ದುಡ್ಡು ಕೊಟ್ಟು ಕ್ಯಾನಿನಲ್ಲಿ ತಂದ ನೀರನ್ನೂ ಕಣ್ಣು ಮುಚ್ಚಿ ನಂಬುವ ಹಾಗಿರಲಿಲ್ಲ.

ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ನೀರಿನ ದಾರಿ ಬರೆಯಿರಿ. ಖಡಕ್‌ವಾಸ್ಲಾ, ಪಾನಶೇತ್ ಕಡೆಯ ಅಣೆಕಟ್ಟಿನ ಕಾರ್ಪೊರೇಷನ್ ನೀರು ಎಷ್ಟು, ಬೋರ್ ಎಷ್ಟು, ಟ್ಯಾಂಕರ್ ಎಷ್ಟು, ಎಲ್ಲಾ ಸೇರುವುದು ಎಲ್ಲಿ, ಯಾವ ಟ್ಯಾಂಕಿನಿಂದ ಯಾವ ಮನೆಗೆ ಹೋಗುತ್ತದೆ. ಹಾಳೆ ಹಿಡಿದುಕೊಂಡೇ ಆ ದಾರಿಯಲ್ಲಿ ನಡೆದು ನೋಡಿ. ಅಂಡರ್‌ಗ್ರೌಂಡ್ ಟ್ಯಾಂಕಿನ ಪಕ್ಕದಲ್ಲಿ ಡ್ರೇನೇಜ್ ಚೇಂಬರ್ ಇದೆಯಾ, ಮುಚ್ಚಳ ನೆಲದ ಮಟ್ಟಕ್ಕಿದ್ದು ಕಾರು ತೊಳೆದ ನೀರು ಒಳಗೆ ಹೋಗುತ್ತದಾ, ಓವರ್‌ಫ್ಲೋ ಪೈಪಿಗೆ ಜಾಳಿಗೆ ಇದೆಯಾ. ಪುಣೆಯಲ್ಲಿ ಪಾರಿವಾಳಗಳ ಕಾಟ ಗೊತ್ತಲ್ಲ, ಟೆರೇಸ್ ಟ್ಯಾಂಕಿನ ಮುಚ್ಚಳವನ್ನು ಕೈಯಿಂದ ಎತ್ತಿಯೇ ನೋಡಬೇಕು. ಈ ಒಂದು ಸುತ್ತಿನಲ್ಲಿ ಸಿಗುವಷ್ಟು ವಿಷಯ ಎಷ್ಟೋ ಸಲ ಲ್ಯಾಬಿನಲ್ಲೂ ಸಿಗುವುದಿಲ್ಲ.

ಆಮೇಲೆ ನಾಲ್ಕು ಜಾಗ ಗುರುತು ಮಾಡಿಕೊಳ್ಳಿ: ನೀರು ಒಳಗೆ ಬರುವ ಕಡೆ, ಅಂಡರ್‌ಗ್ರೌಂಡ್ ಟ್ಯಾಂಕು, ಪ್ರತಿ ವಿಂಗ್‌ನ ಮೇಲಿನ ಟ್ಯಾಂಕು, ಮತ್ತೆ ಎಲ್ಲಕ್ಕಿಂತ ದೂರದ ಮನೆಯ ಅಡುಗೆಮನೆ ನಲ್ಲಿ. ಒಂದೇ ಕಡೆ ನೋಡಿದರೆ ನೀರು ಕೆಟ್ಟಿದೆ ಅಂತ ಗೊತ್ತಾಗಬಹುದು, ಎಲ್ಲಿ ಕೆಟ್ಟಿತು ಅಂತ ಗೊತ್ತಾಗಬೇಕಾದರೆ ನಾಲ್ಕೂ ಬೇಕು.

ದಿನಾ ಮಾಡಬೇಕಾದ ಪರೀಕ್ಷೆ ಕ್ಲೋರಿನ್‌ದು. ಕಾರ್ಪೊರೇಷನ್‌ನವರು ಹಾಕಿದ ಕ್ಲೋರಿನ್ ದಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಖರ್ಚಾಗುತ್ತಾ ಬರುತ್ತದೆ, ಕೊನೆಯ ನಲ್ಲಿಯಲ್ಲೂ ಒಂಚೂರು ಉಳಿದಿರಬೇಕು. ಉಳಿದಿದ್ದರೆ ದಾರಿಯಲ್ಲಿ ಸಣ್ಣಪುಟ್ಟ ಕೊಳೆ ಸೇರಿದರೂ ಕಾಯುವವರು ಇದ್ದಾರೆ ಅಂತ ಅರ್ಥ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಲೀಟರಿಗೆ ಕಡಿಮೆ ಅಂದರೂ 0.2 ಮಿಲಿಗ್ರಾಂ ಉಳಿದಿರಬೇಕು, ವೈರಸ್ ಭಯ ಇದ್ದಾಗ 0.5.

ಈ ಕ್ಲೋರಿನ್ ಅಳೆಯಲು ಓಟಿ ಕಿಟ್ ಅಂತ ಕೇಳಿ, ಕ್ಲೋರೋಸ್ಕೋಪ್ ಅಂತಲೂ ಅನ್ನುತ್ತಾರೆ, ಈಜುಕೊಳದ ಸಾಮಾನು ಮಾರುವ ಅಂಗಡಿಯಲ್ಲೂ ಸಿಗುತ್ತದೆ. ನಲ್ಲಿ ಎರಡು ನಿಮಿಷ ಬಿಟ್ಟು, ಗೆರೆ ತನಕ ನೀರು ತುಂಬಿ, ಹೇಳಿದಷ್ಟು ಹನಿ ದ್ರಾವಣ ಹಾಕಿ ಅಲ್ಲಾಡಿಸಿ. ಕ್ಲೋರಿನ್ ಇದ್ದರೆ ಹಳದಿ ಬಣ್ಣ ಬರುತ್ತದೆ, ಅರಿಶಿನದ ಕೈ ತೊಳೆದ ನೀರಿನ ಹಾಗೆ ತೆಳು ಹಳದಿ. ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ಅಂಕಿ ಓದಿ, ತಕ್ಷಣ ಓದಿ. ಐದು ನಿಮಿಷ ಬಿಟ್ಟು ನೋಡಿದರೆ ಬೇರೆಯದರ ಜೊತೆ ಕೂಡಿಕೊಂಡ, ಅಷ್ಟು ಕೆಲಸಕ್ಕೆ ಬಾರದ ಕ್ಲೋರಿನ್ ಕೂಡ ಬಣ್ಣ ಕೊಟ್ಟು ಅಂಕಿ ಜಾಸ್ತಿ ತೋರಿಸುತ್ತದೆ. ಸ್ವಲ್ಪ ದುಡ್ಡು ಜಾಸ್ತಿ ಆದರೂ ಡಿಪಿಡಿ ಮಾತ್ರೆಯ ಕಿಟ್ ಇನ್ನೂ ನಿಖರ, ಅದರಲ್ಲಿ ಬಣ್ಣ ಗುಲಾಬಿ. ಪರೀಕ್ಷೆ ಮಾಡಿದ ನೀರನ್ನು ಮೋರಿಗೆ ಚೆಲ್ಲಿ, ಮಕ್ಕಳ ಕೈಗೆ ಕೊಡಬೇಡಿ. ಇನ್ನೊಂದು ಮಾತು, ಫಿಲ್ಟರ್ ಅಥವಾ ಆರ್‌ಒದಿಂದ ಬಂದ ನೀರಿನಲ್ಲಿ ಕ್ಲೋರಿನ್ ನೋಡಬೇಡಿ. ಅದರೊಳಗಿನ ಕಾರ್ಬನ್ ಕ್ಲೋರಿನ್ನನ್ನು ತೆಗೆದುಬಿಡುತ್ತದೆ, ಸುಮ್ನೆ ಗಾಬರಿ ಆಗುತ್ತದೆ. ನೇರ ನಲ್ಲಿಯ ನೀರೇ ಬೇಕು.

ಟ್ಯಾಂಕರ್ ಬಂದ ದಿನ ಇದನ್ನು ಎರಡು ಸಲ ಮಾಡಿ, ಟ್ಯಾಂಕರಿನ ಪೈಪಿನಲ್ಲಿ ಒಮ್ಮೆ, ಟ್ಯಾಂಕಿಗೆ ಬೆರೆತ ಮೇಲೆ ಒಮ್ಮೆ. ನಮ್ಮಲ್ಲಿ ಗೇಟಿನ ಹತ್ತಿರ 0.5 ಇದ್ದದ್ದು ಟ್ಯಾಂಕರ್ ನೀರು ಸೇರಿದ ಮೇಲೆ ಪೂರ್ತಿ ಸೊನ್ನೆ ಆಗುತ್ತಿತ್ತು. ಟ್ಯಾಂಕರಿನವರನ್ನು ಕೇಳಿದರೆ "ಫಿಲ್ಟರ್‌ಚಂ ಪಾಣೀ ಆಹೇ", ಫಿಲ್ಟರ್ ನೀರೇ ಅಂತ, ಅನ್ನುತ್ತಿದ್ದರು. ಅದು ಬೋರ್ ನೀರು, ಕ್ಲೋರಿನ್ ಹಾಕಿಯೇ ಇರಲಿಲ್ಲ. ಅದರಲ್ಲಿದ್ದ ಕಬ್ಬಿಣ, ಕೊಳೆ ಎಲ್ಲಾ ಸೇರಿ ಒಳ್ಳೆ ನೀರಿನ ಕ್ಲೋರಿನ್ನನ್ನೂ ತಿಂದುಹಾಕುತ್ತಿತ್ತು.

ಕ್ಲೋರಿನ್ ಕಡಿಮೆ ಬಂದರೆ ನಾವೇ ಹಾಕಬಹುದು. ಊರಲ್ಲಿ ಬ್ಲೀಚಿಂಗ್ ಪೌಡರ್ ಅನ್ನುವುದಕ್ಕೆ ಮಹಾರಾಷ್ಟ್ರದಲ್ಲಿ ಟಿಸಿಎಲ್ ಪೌಡರ್ ಅನ್ನುತ್ತಾರೆ, ಹಾಗೇ ಕೇಳಿ. ಹೊಸ ಪೌಡರಿನಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ, ಗಾಳಿಗೆ ತೆರೆದಿಟ್ಟರೆ ಹಾರಿಹೋಗುತ್ತದೆ. ಅದಕ್ಕೇ ದೊಡ್ಡ ಚೀಲ ತಂದು ವರ್ಷಗಟ್ಟಲೆ ಇಡಬೇಡಿ. ತಿಳಿ ನೀರಾದರೆ 1000 ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ, ಅಂದರೆ 10,000 ಲೀಟರಿನ ಟ್ಯಾಂಕಿಗೆ 25 ಗ್ರಾಂ, ತಕ್ಕಡಿಯಲ್ಲಿ ತೂಗಿ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಿ. ಅರ್ಧ ಗಂಟೆ ಯಾರೂ ನೀರು ಬಳಸಬಾರದು, ಆಮೇಲೆ ಮತ್ತೆ ಕಿಟ್‌ನಲ್ಲಿ ನೋಡಿ. ಟಾಯ್ಲೆಟ್ ಕ್ಲೀನರ್ ಅಥವಾ ಆಸಿಡ್ ಹತ್ತಿರವೂ ಈ ಪೌಡರ್ ಇಡಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ.

ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಕಪ್ಪು ಬಾಟಲಿಯ ಪರೀಕ್ಷೆ. ಎಚ್‌ಟುಎಸ್ ಕಿಟ್ ಅಂತ ಇದರ ಹೆಸರು, ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಲ್ಯಾಬಿನವರು 1982ರಲ್ಲಿ ಜಗತ್ತಿಗೆ ಕೊಟ್ಟದ್ದು. ಸಣ್ಣ ಬಾಟಲಿ, ಒಳಗೆ ಔಷಧ ಹೀರಿದ ಒಂದು ಕಾಗದ. ಮುಚ್ಚಳದ ಒಳಭಾಗ ಮುಟ್ಟದೆ ಗೆರೆ ತನಕ ನೀರು ತುಂಬಿ, ಬೆಚ್ಚಗಿರುವ ಕಡೆ ಇಟ್ಟು, 24 ಗಂಟೆಗೆ ಒಮ್ಮೆ, 48 ಗಂಟೆಗೆ ಒಮ್ಮೆ ನೋಡಬೇಕು. 30ರಿಂದ 37 ಡಿಗ್ರಿ ಇದ್ದರೆ ಒಳ್ಳೆಯದು. ಪುಣೆಯ ಡಿಸೆಂಬರ್ ಚಳಿಯಲ್ಲಿ ಟವೆಲ್ ಸುತ್ತಿ ಫ್ರಿಜ್ ಹಿಂದೆ ಇಡಿ. ಆ ಜೂನ್‌ನಲ್ಲಿ ನಾನು ನಾಲ್ಕು ಬಾಟಲಿಗೆ ಹೆಸರು ಬರೆದು ಸಾಲಾಗಿ ಇಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಗೇಟಿನದು, ಕೆಳಗಿನ ಟ್ಯಾಂಕಿನದು, ಎ ವಿಂಗ್‌ನದು ಮೂರೂ ಹಾಗೇ ಇದ್ದವು. ಬಿ ವಿಂಗ್‌ನದು ಮಾತ್ರ ಕಾಫಿ ಡಿಕಾಕ್ಷನ್ ಥರ ಕಪ್ಪಗಾಗಿತ್ತು. ಟೆರೇಸಿಗೆ ಹೋಗಿ ನೋಡಿದೆವು. ಮುಚ್ಚಳದಲ್ಲಿ ಅಂಗೈ ಅಗಲದ ಸೀಳು, ಅದರ ಸುತ್ತ ಪಾರಿವಾಳದ ಹಿಕ್ಕೆ, ನೀರಿನ ಮೇಲೆ ಎರಡು ಬೂದು ಗರಿ ತೇಲುತ್ತಿದ್ದವು. ಮೊದಲ ಮಳೆ ಅದನ್ನೆಲ್ಲಾ ಒಳಗೆ ತೊಳೆದುಹಾಕಿತ್ತು. ಅದನ್ನು ನೋಡಿದ ಮೇಲೆ ಬಿ ವಿಂಗ್‌ನ ಒಬ್ಬ ತಾಯಿ ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಟ್ಟರು.

ಈ ಬಾಟಲಿ ಕಪ್ಪಾದರೆ ಮಲದ ಕೊಳೆ ಇರಬಹುದು ಅಂತ ಎಚ್ಚರಿಕೆ, ಕೊನೆಯ ತೀರ್ಪಲ್ಲ. ಕೆಲವು ಬೋರ್ ನೀರಲ್ಲಿ ಗಂಧಕ ಇದ್ದರೂ ಕಪ್ಪಾಗುತ್ತದೆ. ಕಪ್ಪಾಗದಿದ್ದರೆ ಎಲ್ಲಾ ಸರಿ ಅಂತಲೂ ಅಲ್ಲ. ಅದಕ್ಕೇ ಲ್ಯಾಬ್ ಬೇಕು. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಟಾಯ್ಲೆಟ್ಟಿಗೆ ಸುರಿಯಿರಿ.

ಪುಣೆಯಲ್ಲಿ ರಾಜ್ಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಇದೆ, ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇರುವ ಖಾಸಗಿ ಲ್ಯಾಬ್‌ಗಳೂ ಇವೆ. ಖಾಸಗಿಯವರ ಹತ್ತಿರ ಹೋಗುವಾಗ ಮಾನ್ಯತೆ ನೀರಿನ ಪರೀಕ್ಷೆಗೇ ಇದೆಯಾ ಅಂತ ಕೇಳಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಬಾಟಲಿ ಲ್ಯಾಬಿನದೇ ಆಗಬೇಕು. ಮನೆಯ ಬಿಸ್ಲೆರಿ ಬಾಟಲಿ ತೊಳೆದು ಒಯ್ಯಬೇಡಿ. ಲ್ಯಾಬ್ ಬಾಟಲಿಯ ತಳದಲ್ಲಿ ಒಂಚೂರು ಪುಡಿ ಅಥವಾ ಹನಿ ಇದ್ದರೆ ತೊಳೆದು ಹಾಕಬೇಡಿ, ಅದು ಸೋಡಿಯಂ ಥಯೋಸಲ್ಫೇಟ್. ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಕೊಲ್ಲುತ್ತಾ ಹೋದರೆ ಲ್ಯಾಬ್ ತಲುಪುವ ಹೊತ್ತಿಗೆ ನೀರು ನಿಜಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ, ಅದನ್ನು ತಡೆಯಲು ಹಾಕಿರುತ್ತಾರೆ. ನಲ್ಲಿಯ ಬಾಯಿಗೆ ಕಟ್ಟಿದ ಪೈಪು, ಜಾಳಿಗೆ ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು ಹಿಡಿಯಿರಿ. ಕತ್ತಿನ ತನಕ ತುಂಬಬೇಡಿ, ಸ್ವಲ್ಪ ಜಾಗ ಬಿಡಿ. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ, ತೀರಾ ಆಗದಿದ್ದರೆ 24 ಗಂಟೆ ದಾಟಬಾರದು. ಶನಿವಾರ ಸಂಜೆ ಹಿಡಿದು ಸೋಮವಾರ ಕೊಡುವುದಾದರೆ ಹಿಡಿಯಲೇಬೇಡಿ. ರಿಪೋರ್ಟಿನಲ್ಲಿ 100 ಮಿಲಿಲೀಟರ್ ನೀರಿಗೆ ಇ. ಕೋಲೈ ಮತ್ತು ಕೋಲಿಫಾರ್ಮ್ (ಕೊಳೆ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾಗಳು) ಎರಡೂ ಇಲ್ಲ ಅಂತ ಇರಬೇಕು. ಸ್ವಲ್ಪ ಇದೆ, ಪರವಾಗಿಲ್ಲ ಅನ್ನುವ ಮಾತೇ ಇಲ್ಲ. ಸ್ಯಾಂಪಲ್ ಎಲ್ಲಿಯದು, ಯಾವ ದಿನದ್ದು ಅಂತ ಅದರಲ್ಲಿ ಬರೆದಿದೆಯಾ ನೋಡಿ. ನಮ್ಮ ಹಳೆಯ ರಿಪೋರ್ಟಿನಲ್ಲಿ "ಸೊಸೈಟಿ ನೀರು" ಅಂತಷ್ಟೇ ಇತ್ತು.

ಕೆಮಿಕಲ್ ಪರೀಕ್ಷೆ ಮುಖ್ಯವಾಗಿ ಬೋರ್ ಮತ್ತು ಟ್ಯಾಂಕರ್ ಇರುವವರಿಗೆ. ಬೇಸಿಗೆಯ ಕೊನೆಗೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಸಾಕು. ಒಂದೆರಡು ಲೀಟರ್ ನೀರು ಬೇಕು, ಈ ಬಾಟಲಿಯನ್ನು ಮಾತ್ರ ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ಪುಣೆಯ ಕೆಳಗೆ ಇರುವುದು ಕಪ್ಪು ಬಸಾಲ್ಟ್ ಬಂಡೆ, ಬೋರ್ ನೀರು ಗಡುಸು. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪುತ್ತಾರೆ. ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ, ಕಿರಿಕಿರಿ ಹೌದು, ಆದರೆ ನನ್ನ ಚಿಂತೆ ಅದಲ್ಲ, ನೈಟ್ರೇಟ್. ಡ್ರೇನೇಜ್ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಮೇಲೆ ನಡೆಯುವ ಹೊಸ ಬಡಾವಣೆಗಳಲ್ಲಿ ಅದು ಬೋರಿಗೆ ಇಳಿಯುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. 45 ಮಿಲಿಗ್ರಾಂ ದಾಟಿದರೆ ಆ ನೀರಲ್ಲಿ ಪುಟ್ಟ ಕೂಸುಗಳಿಗೆ ಬಾಟಲಿ ಹಾಲು ಕಲಸಲೇಬೇಡಿ, ರಕ್ತ ಆಮ್ಲಜನಕ ಒಯ್ಯುವುದಕ್ಕೆ ಅಡ್ಡಿಯಾಗಿ ಮಗು ನೀಲಿಗಟ್ಟುತ್ತದೆ. ಫ್ಲೋರೈಡ್ ಕೂಡ ಬರೆಸಿಕೊಳ್ಳಿ, 1 ಮಿಲಿಗ್ರಾಂ ಒಳಗಿರಬೇಕು. ಪಾವಗಡದ ಕಡೆಯವರ ಹಲ್ಲಿನ ಕಲೆ ನೋಡಿದವರಿಗೆ ಅದು ಯಾಕೆ ಅಂತ ಹೇಳಬೇಕಿಲ್ಲ.

ಟಿಡಿಎಸ್ ಮೀಟರ್ ಬಗ್ಗೆ ಒಂದು ಮಾತು. ಅದು ತೋರಿಸುವುದು ನೀರಲ್ಲಿ ಕರಗಿದ ಉಪ್ಪಿನ ಅಂದಾಜು ಮಾತ್ರ. 80 ತೋರಿಸಿದ ನೀರಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರಬಹುದು. ನಮ್ಮ ಬಿ ವಿಂಗ್ ನೀರಿನ ಟಿಡಿಎಸ್ ಚೆನ್ನಾಗೇ ಇತ್ತು. ಮನೆಗೆ ಬಂದು ನೀರಲ್ಲಿ ಎರಡು ಕಡ್ಡಿ ಅದ್ದಿ ಕರೆಂಟ್ ಕೊಟ್ಟು, ನೀರು ಕಂದು ಬಣ್ಣಕ್ಕೆ ತಿರುಗಿದಾಗ "ನೋಡಿ, ನೀವು ಕುಡಿಯುತ್ತಿರುವುದು ಇದನ್ನೇ" ಅನ್ನುವವರನ್ನು ನಂಬಬೇಡಿ. ಆ ಬಣ್ಣ ಕಡ್ಡಿಯ ಕಬ್ಬಿಣ ಕರಗಿ ಬರುವುದು. ಉಪ್ಪು ಕಡಿಮೆ ಇರುವ ಆರ್‌ಒ ನೀರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಬಣ್ಣ ಬರುವುದಿಲ್ಲ, ಅಷ್ಟೇ.

ರಿಪೋರ್ಟ್ ಕೆಟ್ಟದಾಗಿ ಬಂದರೆ ಮುಚ್ಚಿಡಬೇಡಿ. ಅವತ್ತೇ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಮರಾಠಿ, ಹಿಂದಿ, ಕನ್ನಡ ಯಾವುದಾಗುತ್ತೋ ಅದರಲ್ಲಿ ಹಾಕಿ, ಮನೆಕೆಲಸದವರಿಗೂ ವಾಚ್‌ಮನ್ ಮನೆಯವರಿಗೂ ಬಾಯಿಬಿಟ್ಟು ಹೇಳಿ, ಅವರೂ ಅದೇ ನೀರು ಕುಡಿಯುವುದು. ನೀರು ಚೆನ್ನಾಗಿ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿದರೆ ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ. ಟ್ಯಾಂಕ್ ಖಾಲಿ ಮಾಡಿ ತೊಳೆಸಿ, ಆದರೆ ಅಂಡರ್‌ಗ್ರೌಂಡ್ ಟ್ಯಾಂಕಿಗೆ ಯಾರನ್ನೂ ಒಬ್ಬರೇ ಇಳಿಸಬೇಡಿ. ಒಳಗೆ ಗಾಳಿ ಇಲ್ಲದೆ ಪ್ರಾಣ ಹೋಗುತ್ತದೆ. ಮುಚ್ಚಳ ಮೊದಲೇ ತೆರೆದು ಗಾಳಿ ಊದಿಸಿ, ಇಂಥ ಕೆಲಸದ ಸಾಮಾನು ಇರುವವರನ್ನೇ ಕರೆಸಿ. ಕೊಳೆ ಬಂದ ದಾರಿ ಮುಚ್ಚಿ, ಕ್ಲೋರಿನ್ ಹಾಕಿ, ಎರಡು ಮೂರು ದಿನ ಬಿಟ್ಟು ಅದೇ ನಲ್ಲಿಯಿಂದ ಮತ್ತೆ ಸ್ಯಾಂಪಲ್ ಕಳಿಸಿ. ಎರಡು ಸಲ ಸತತವಾಗಿ ಚೆನ್ನಾಗಿ ಬರುವ ತನಕ ಕುದಿಸುವುದು ನಿಲ್ಲಿಸಬೇಡಿ. ಕಾರ್ಪೊರೇಷನ್ ನೀರು ಬರುವ ಕಡೆಯೇ ಕೆಟ್ಟಿದ್ದರೆ ಫೋಟೋ, ತಾರೀಖು, ಅಂಕಿ ಸಮೇತ ವಾರ್ಡ್ ಆಫೀಸಿಗೆ ಬರೆದು ಕೊಡಿ. ಪಾಲಿಕೆಗೆ ಇನ್ನೂ ಸೇರದ ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ನೀರಿನ ಕೆಲಸ ನೋಡುವ ಜಲಸುರಕ್ಷಕರನ್ನು ಹಿಡಿಯಿರಿ.

ನಮ್ಮ ಪಂಪ್ ರೂಮಿನ ಬಾಗಿಲ ಹಿಂದೆ ಈಗ ಒಂದು ನೂರು ಪುಟದ ನೋಟ್‌ಬುಕ್ ದಾರದಲ್ಲಿ ನೇತಾಡುತ್ತಿದೆ. ತಾರೀಖು, ಯಾವ ನಲ್ಲಿ, ಕ್ಲೋರಿನ್ ಎಷ್ಟು, ಟ್ಯಾಂಕರ್ ನಂಬರ್, ಸಹಿ. ಬರೆಯುವುದು ನಮ್ಮ ವಾಚ್‌ಮನ್ ಕಾಕಾ, ನಾನು ಎರಡು ದಿನ ಜೊತೆಗೆ ನಿಂತು ತೋರಿಸಿದ್ದೆ. ಹೋದ ತಿಂಗಳು ಬೆಳಿಗ್ಗೆ ಆರೂವರೆಗೇ ಅವರ ಫೋನ್ ಬಂತು, "ಬಿ ವಿಂಗಚಂ ಪಾಣೀ ಪಿವಳಂ ನಾಹೀ ಝಾಲಂ." ಬಿ ವಿಂಗ್ ನೀರು ಹಳದಿ ಆಗಲಿಲ್ಲ ಅಂತ. ಏಳು ಗಂಟೆಗೆ ಗ್ರೂಪಿನಲ್ಲಿ ಮೆಸೇಜ್ ಹೋಯಿತು, ಎಂಟಕ್ಕೆ ಟಿಸಿಎಲ್ ಹಾಕಿದೆವು, ಎಂಟೂವರೆಗೆ ಮತ್ತೆ ನೋಡಿದಾಗ 0.5 ಬಂತು.